ಗಾಜಿನ ಬೀರುವಿನ ಗುಲಾಬಿ

ಪಕ್ಕದ ಮನೆಯಾಕೆ ಸೀಮೆಎಣ್ಣೆ ಬಟ್ಟೆ ಹಿಡಿದು ಗಾಜಿನ ಬೀರುವಿನ ಬುಡಕ್ಕೆ ಬಗ್ಗಿದ್ದಳು. ಸತ್ತವಳ ತಂಗಿ ಓಡಿಬಂದು ಬಟ್ಟೆ ಕಿತ್ತುಕೊಂಡಳು.

"ಇರುವೆ ಸಾಲುಗಟ್ಟಿದೆ ಕಣಮ್ಮ. ನಿಮ್ಮಕ್ಕ ದಿನಾ ಒರೆಸ್ತಿದ್ರು."

"ಗೊತ್ತು. ಇವತ್ತೊಂದಿನ ಇರುವೇನೂ ಕೊಲ್ಲೋದು ಬೇಡ ಬಿಡಿ."

ಹಜಾರದ ನಡುವೆ ಅಕ್ಕ ಮಲಗಿದ್ದಳು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರಬೇಕಿತ್ತು. ಭಾವ ಮಾತ್ರ ಅವಳಿಗೆ ಬೆನ್ನು ಹಾಕಿ, ಮೂಲೆಯ ಕುರ್ಚಿಯಲ್ಲಿ ಕೂತು, ಸಂತಾಪಕ್ಕೆಂದು ಬಂದ ಹಳೇ ಸಾಮಾನಿನ ವ್ಯಾಪಾರಿಗೆ ತಮ್ಮ ಯುರೋಪಿನ ಪಿಂಗಾಣಿ ಹೂದಾನಿಗಳನ್ನು ಬಣ್ಣಿಸುತ್ತಿದ್ದರು. ಅವುಗಳ ಮೈತುಂಬ ಪಿಂಗಾಣಿಯದೇ ಹೂವು, ಎಸಳೆಸಳಾಗಿ ಮಾಡಿ ಅಂಟಿಸಿದ್ದು. ಅವುಗಳ ಧೂಳು ತೆಗೆಯುವುದು ಅಕ್ಕನ ಪಾಲಿಗೆ, ಗಾಜಿನಾಚೆ ನಿಂತು ಬೀಗುವುದು ಭಾವನ ಪಾಲಿಗೆ.

*

ಮದುವೆಗೆ ಮುಂಚೆ ಅಕ್ಕ ಬೇಕರಿಯಲ್ಲಿ ಕೇಕಿನ ಮೇಲಿನ ಸಕ್ಕರೆ ಹೂವು ಮಾಡುತ್ತಿದ್ದಳು. ಭಾವ ಕೆಲಸ ಬಿಡಿಸಿದರು. "ನಿನ್ನ ಹೂವು ಇರುವೆ ತಿನ್ನೋಕೆ ಲಾಯಕ್ಕು," ಎಂದು ನೆಂಟರ ಮುಂದೆ ನಕ್ಕರು. ಮರುದಿನ ಧೂಳು ತೆಗೆಯುವಾಗ ಅಕ್ಕ ಒಂದು ಪಿಂಗಾಣಿ ಗುಲಾಬಿಯನ್ನು ಲಟಕ್ಕನೆ ಮುರಿದಳು. ಸಕ್ಕರೆ ಪುಡಿಗೆ ಮೊಟ್ಟೆಯ ಬಿಳಿ ಕಲಸಿ, ಅಂಥದೇ ಗುಲಾಬಿ ಮಾಡಿ, ಅದೇ ಬಣ್ಣ ಬಳಿದು ಅಲ್ಲೇ ಅಂಟಿಸಿದಳು. ಆಮೇಲೆ ಭಾವ ನಾಲಗೆ ಹರಿಯಬಿಟ್ಟಾಗಲೆಲ್ಲ ಒಂದೊಂದು ಹೂವು ಬದಲಾಯಿತು.

ಆಸ್ಪತ್ರೆಯಲ್ಲಿ ತಂಗಿಗೆ ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು.

"ಒಂದ್ಸಲ ನಾನು ಮಾಡಿದ್ದನ್ನೇ ತೋರಿಸಿ, ಇಂಥ ಎಸಳು ಈಗಿನವರ ಕೈಲಿ ಆಗತ್ತಾ ಅಂದ್ರು ಕಣೇ. ನಗು ತಡೀಲಾರ್ದೆ ಅಡುಗೆಮನೆಗೆ ಓಡಿದೆ."

"ಒಟ್ಟು ಎಷ್ಟು ಬದಲಾಯಿಸಿದೀಯ?"

"ಅದನ್ನ ಅವರೇ ಹುಡುಕ್ಲಿ. ನಾನು ಹೋದ್ಮೇಲೆ ಬೀರು ಒರೆಸೋಕೆ ಬಿಡಬೇಡ, ಅಷ್ಟೆ."

*

ಗಾಡಿ ಬಂತು. ಅಕ್ಕನನ್ನು ಎತ್ತಿಕೊಂಡು ಹೊರಟರು.

"ಭಾವ, ಹೊರಡೋಣ್ವಾ?"

"ಒಂದ್ನಿಮಿಷ. ಇವರಿಗೆ ಆ ದೊಡ್ಡ ಹೂದಾನಿ ತೋರಿಸಿ ಬಂದೆ."

ಬೀರುವಿನ ಬಾಗಿಲು ತೆಗೆದವರು ಹಾಗೇ ನಿಂತರು. ಹೂದಾನಿಯ ಒಂದು ಗುಲಾಬಿಗೆ ಇರುವೆ ಮುತ್ತಿ ಕಪ್ಪಾಗಿತ್ತು. ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿದರು. ಎಸಳು ಕರಗಿ ಬೆರಳಿಗೆ ಮೆತ್ತಿಕೊಂಡಿತು. ವ್ಯಾಪಾರಿ ಬಗ್ಗಿ ನೋಡಿದ, ಚಪ್ಪಲಿ ಹುಡುಕತೊಡಗಿದ. ಭಾವ ಬೆರಳನ್ನು ನಾಲಗೆಗೆ ಮುಟ್ಟಿಸಿದರು.

"ಸಿಹಿ ಸರಿಯಾಗಿದೆಯಾ ಭಾವ? ಅಕ್ಕನ ಕೈಯಡುಗೆ," ಎಂದಳು ತಂಗಿ. ಅವಳಿಗೆ ಅಳು ಬರಬೇಕಾದ ಹೊತ್ತು, ಬಂದದ್ದು ಹೇಳತೀರದ ಖುಷಿ.

"ಇದೊಂದೇನಾ?" ಭಾವ ಉಳಿದ ಹೂದಾನಿಗಳತ್ತ ತಿರುಗಿದರು.

"ಅಕ್ಕ ಹೇಳ್ಲಿಲ್ಲ."

ಹೊರಗೆ ಹಾರ್ನ್ ಆಯಿತು. ಭಾವ ಕದಲಲಿಲ್ಲ. ಗಾಡಿ ಹೊರಟಾಗ ತಂಗಿ ಅದರ ಕಿಟಕಿಯಿಂದ ತಿರುಗಿ ನೋಡಿದಳು. ಮನೆಯ ತೆರೆದ ಬಾಗಿಲಿನಾಚೆ ಭಾವ ಬೆರಳು ನೆಕ್ಕಿ ಒಂದು ಹೂವನ್ನು ಉಜ್ಜುತ್ತಿದ್ದರು, ಮತ್ತೆ ನೆಕ್ಕಿ ಇನ್ನೊಂದನ್ನು.