ನಾಲ್ಕನೇ ಜ್ವರ

ಹುಳದ ಮನೆಯಲ್ಲಿ ಜ್ವರ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಮಿಸುಕಾಡದೆ ಕೂತುಬಿಡುತ್ತದೆ. ಅದಕ್ಕೆ ರಾಮನಗರದ ಸುತ್ತಮುತ್ತ ಜ್ವರ ಅನ್ನುತ್ತಾರೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಬರುತ್ತದೆ. ಆಗ ಸೊಪ್ಪು ಹಾಕಬಾರದು, ಹುಳವನ್ನು ಅಲ್ಲಾಡಿಸಬಾರದು. ಒಂದೂವರೆ ದಿನವೋ ಎರಡು ದಿನವೋ ಸುಮ್ಮನಿದ್ದರೆ ತಾನಾಗಿಯೇ ಹೊಸ ಚರ್ಮದಲ್ಲಿ ಎದ್ದು, ಹಸಿದುಕೊಂಡು ಸೊಪ್ಪು ಹುಡುಕುತ್ತದೆ. ಇಷ್ಟು ಒಳ್ಳೆಯ ಸುದ್ದಿಗೆ ಇಂಥ ಕೆಟ್ಟ ಹೆಸರನ್ನು ಯಾವ ಮಹಾನುಭಾವ ಇಟ್ಟನೋ. ಅವನು ಕೈಗೆ ಸಿಕ್ಕಿದ್ದರೆ ಕೂಟಗಲ್ಲಿನ ಲೋಕೇಶ ಸುಮ್ಮನೆ ಬಿಡುತ್ತಿರಲಿಲ್ಲ.

ಲೋಕೇಶನ ಒಬ್ಬಳೇ ಮಗಳು ನವ್ಯಶ್ರೀ ಡೆಂಗ್ಯೂ ಬಂದು ತೀರಿಕೊಂಡು ಆ ಭಾನುವಾರಕ್ಕೆ ನಲವತ್ತೊಂದು ದಿನ. ಎಸೆಸೆಲ್ಸಿ ಓದುತ್ತಿದ್ದಳು. ಎರಡು ದಿನ ಮುಂಚೆ ಕರೆತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದ್ದರು. ಆ ಎರಡು ದಿನ ಎಲ್ಲಿ ಹೋದವು ಎಂಬುದು ಲೋಕೇಶನೊಬ್ಬನಿಗೇ ಗೊತ್ತಿತ್ತು. ಹೆಂಡತಿ ಲತಾಮಣಿಗೆ ಅವನು ಹೇಳಿರಲಿಲ್ಲ.

ಅದನ್ನು ಹೇಳಬೇಕಾದರೆ ಮೊದಲು ನವ್ಯಶ್ರೀಯ ಸೀರಿಯಲ್ಲಿನ ವಿಷಯ ಹೇಳಬೇಕು. ಅದೊಂದು ಜಪಾನಿನ ಕಾರ್ಟೂನು. ಕಾರ್ಟೂನು ಅಂದವರ ಮೇಲೆ ಅವಳು ಹರಿಹಾಯುತ್ತಿದ್ದಳು, ಅನಿಮೆ ಅನ್ನಬೇಕಂತೆ. ಲೋಕವೆಲ್ಲ ಹಾಳುಬಿದ್ದು, ಅಳಿದುಳಿದ ಜನ ಒಂದು ಕೋಟೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಹೊರಗೆ ನೆಲ ಸೀಳಿಕೊಂಡು ಹುಳಗಳು ಏಳುತ್ತವೆ. ಒಂದೊಂದು ಹುಳವೂ ಸಾವನದುರ್ಗದ ಬಂಡೆಯಷ್ಟಿದೆ ಎಂದಳು ಹುಡುಗಿ. ಅಜ್ಜಿ ಬೋರಮ್ಮ ನಂಬಲಿಲ್ಲ. ಕೊನೆಗೆ ಚೌಕಾಸಿಯಾಗಿ ನಮ್ಮೂರ ಬೆಟ್ಟದಷ್ಟು ಎಂದು ಒಪ್ಪಂದಕ್ಕೆ ಬಂದರು. ಕೋಟೆಯಲ್ಲಿ ಹೊನಾಮಿ ಎಂಬ ಹದಿನಾರರ ಹುಡುಗಿ ಇದ್ದಾಳೆ. ಹುಳಗಳ ವಿರುದ್ಧ ಹೋರಾಡುವವಳು ಅವಳೇ. ಬೋರಮ್ಮ ಅವಳನ್ನು ಹೊನ್ನಮ್ಮ ಮಾಡಿಕೊಂಡಳು. ಹುಳ ಜ್ವರಕ್ಕೆ ಕೂತ ದಿನ ಸೊಪ್ಪು ಕೊಯ್ಯುವ ಕೆಲಸವಿಲ್ಲವಲ್ಲ, ಮನೆಮಂದಿಯೆಲ್ಲ ಮೊಬೈಲಿನ ಸುತ್ತ ಕೂತು ಹೊನ್ನಮ್ಮನ ಕಷ್ಟಕ್ಕೆ ಮರುಗುತ್ತಿದ್ದರು. ಹುಳಕ್ಕೆ ಸೊಪ್ಪು ಹಾಕಿ ಬದುಕುವ ಮನೆಯವರು ಹುಳ ಸಾಯಲಿ ಎಂದು ಶಾಪ ಹಾಕುವುದನ್ನು ಕೇಳಿದರೆ ಯಾರಿಗಾದರೂ ನಗು ಬರುತ್ತಿತ್ತು.

ಒಂದು ದಿನ ಲೋಕೇಶ ತಲೆ ಚಚ್ಚಿಕೊಂಡ. "ನಿಮ್ ಜಪಾನಿನೋರ್ಗೆ ಒಸಿನೂ ಬುದ್ಧಿ ಇಲ್ಲ ಕಣವ್ವ. ಓಡಾಡೋ ಹುಳದ ಮೇಲೆ ಹೋಯ್ತರಲ್ಲ. ಜ್ವರಕ್ಕೆ ಕೂತಾಗ ಹೋಗಿ ಹೊಡೀಬೇಕು."

"ಅವಕ್ಕೆಲ್ಲಿ ಬತ್ತದಪ್ಪ ಜ್ವರ?"

"ಹುಳ ಅಂದ್ಮೇಲೆ ಜ್ವರ ಬರ್ದೆ ಇದ್ದಾತಾ?"

ಮೂರು ವಾರ ಕಳೆದು, ಹತ್ತೊಂಬತ್ತನೇ ಕಂತಿನಲ್ಲಿ ಅದೇ ಆಯಿತು. ಬೆಟ್ಟದಷ್ಟು ಹುಳಗಳು ತಲೆ ಎತ್ತಿಕೊಂಡು ಮಿಸುಕದೆ ಕೂತವು, ಪೊರೆ ಬಿಟ್ಟವು. ನವ್ಯಶ್ರೀ ಮೊಬೈಲು ಹಿಡಿದುಕೊಂಡು ಹಿಪ್ಪುನೇರಳೆ ತೋಟದವರೆಗೆ ಓಡಿಬಂದಳು. ಅವತ್ತಿನಿಂದ ಅವಳ ಪಾಲಿಗೆ ಅಪ್ಪ ಕಮಾಂಡರ್ ಆದ. ಹುಳದ ಮನೆ ಕೋಟೆಯಾಯಿತು. ಜ್ವರ ಅನ್ನುವ ಮಾತು ಅಪ್ಪ ಮಗಳ ನಡುವೆ ತಮಾಷೆಯ ಮಾತಾಗಿಹೋಯಿತು.

ಮಾಗಡಿಯಲ್ಲಿ ಲೋಕೇಶನ ತಂಗಿಯ ಮನೆಯ ಗೃಹಪ್ರವೇಶ ಬಂದಾಗ ಗಂಡ ಹೆಂಡತಿ ಇಬ್ಬರೂ ಹೋದರು. ಹುಳ ಬಿಟ್ಟು ಎಲ್ಲರೂ ಹೊರಡುವಂತಿರಲಿಲ್ಲ. ಅವಳ ಕೈಗೆ ಹುಳ ಚೆನ್ನಾಗಿ ಹೊಂದುತ್ತವೆ ಎಂದು ನವ್ಯಶ್ರೀಯನ್ನು ಅಜ್ಜಿಯ ಜೊತೆ ಬಿಟ್ಟವನು ಲೋಕೇಶನೇ. "ನಾಲ್ಕ್ನೇ ಜ್ವರ ಬಂದೇಟ್ಗೆ ತಿಳ್ಸು," ಎಂದು ಹೇಳಿ ಬಸ್ಸು ಹತ್ತಿದ.

ಮಾರನೆಯ ಬೆಳಿಗ್ಗೆ ಚಪ್ಪರದ ಕೆಳಗೆ ಎಲೆ ಹಾಕಿಸುವ ಗಡಿಬಿಡಿಯಲ್ಲಿದ್ದಾಗ ಮೆಸೇಜು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. "ಅಪ್ಪ ಜ್ವರ ಬಂತು."

ಲೋಕೇಶನಿಗೆ ಸಂತೋಷವೇ ಆಯಿತು. ಲೆಕ್ಕ ಹಾಕಿದಂತೆ ಸರಿಯಾದ ದಿನಕ್ಕೇ ಕೂತಿವೆ. ಕಮಾಂಡರನ ಗತ್ತಿನಲ್ಲಿ ಉತ್ತರ ಬರೆದ. "ಕೋಟೆ ಬಾಗಿಲು ಹಾಕ್ಕೊಂಡು ಸುಮ್ನಿರಿ. ಎರಡು ದಿನ ಯಾರೂ ಅಲ್ಲಾಡಬೇಡಿ. ತಾನಾಗೇ ಬಿಡುತ್ತೆ."

"ಸರಿ ಕಮಾಂಡರ್," ಎಂದು ಬಂತು ಉತ್ತರ. ಜೊತೆಗೊಂದು ಸೆಲ್ಯೂಟಿನ ಚಿತ್ರ.

ಮನೆ ಎಲ್ಲಾ ಹೇಗಿದೆಯಂತೆ ಎಂದು ಲತಾಮಣಿ ಕೇಳಿದಾಗ, ಮಗಳು ಮೆಸೇಜು ಮಾಡಿದ್ದಾಳೆ, ಎಲ್ಲಾ ಸರಿಯಾಗಿದೆ ಎಂದ. ಸಂಜೆ ಲತಾಮಣಿ ತಾನೇ ಫೋನು ಮಾಡಿದಳು. ಬೋರಮ್ಮ ಎತ್ತಿಕೊಂಡು ಮಗು ಮಲಗಿದೆ ಎಂದಳು. ಓದಿ ಸುಸ್ತಾಗಿರಬೇಕು, ಎಬ್ಬಿಸಬೇಡಿ ಅತ್ತೆ ಎಂದು ಲತಾಮಣಿ ಫೋನು ಇಟ್ಟಳು. ಎರಡು ದಿನ ಬಿಟ್ಟು ಇಬ್ಬರೂ ಊರಿಗೆ ಬಂದಾಗ ಹುಳಗಳು ಎದ್ದು ಸೊಪ್ಪು ತಿನ್ನುತ್ತಿದ್ದವು. ಮಗಳು ಮಾತ್ರ ಎದ್ದಿರಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು, ವಸಡಿನಲ್ಲಿ ರಕ್ತವಿತ್ತು.

"ಆಸ್ಪತ್ರೆಗೋಗಾನ ಅಂದ್ರೆ ಕೇಳ್ನಿಲ್ಲ ಕಣ್ಲಾ," ಎಂದಳು ಬೋರಮ್ಮ, ಕಾರಿಗೆ ಕಾಯುತ್ತಿದ್ದಾಗ. "ಎರಡು ದಿನ ಸುಮ್ನಿದ್ರೆ ತಾನಾಗೇ ಬುಡ್ತದೆ ಅಜ್ಜಿ ಅಂದ್ಲು. ಅದೆಲ್ಲಿ ಕಲ್ತಿದ್ಲೋ."

ಎಲ್ಲಿ ಕಲಿತಿದ್ದಳು ಎಂಬುದು ಲೋಕೇಶನಿಗೆ ಆ ಕ್ಷಣವೇ ಹೊಳೆಯಿತು. ರಾಮನಗರದಿಂದ ಬೆಂಗಳೂರಿಗೆ ಹೋಗುವ ಆಂಬುಲೆನ್ಸಿನಲ್ಲಿ, ಮಗಳ ಕಾಲ ಬಳಿ ಕೂತುಕೊಂಡು, ಅವನು ತನ್ನ ಮೊಬೈಲಿನಿಂದ ಆ ಮಾತುಗಳನ್ನು ಅಳಿಸಿಹಾಕಿದ. ಯಾಕೆ ಅಳಿಸಿದೆ ಎಂದು ಆಮೇಲೆ ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡ. ಭಯ. ಬೇರೆ ಏನೂ ಅಲ್ಲ, ಹೆಂಡತಿಯ ಭಯ.

ಮೂರನೆಯ ದಿನ ಹುಡುಗಿ ಹೋಗಿಬಿಟ್ಟಳು. ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಬೆಟ್ಟದಷ್ಟು ಹುಳ ನೋಡಿ ಹೆದರದವಳನ್ನು ಒಂದು ಸೊಳ್ಳೆ ತಿಂದುಹಾಕಿತಲ್ಲ ಎಂದು ಬೋರಮ್ಮ ಗೋಳಾಡಿದಳು.

ಲತಾಮಣಿಯ ಗೋಳು ಬೇರೆಯದು. ಅವಳಿಗೆ ಆ ಸಂಜೆಯ ಫೋನೇ ಹಿಡಿದುಬಿಟ್ಟಿತ್ತು. ಮುದ್ದೆ ತಿರುವುತ್ತಾ ತಿರುವುತ್ತಾ ಕೋಲು ನಿಲ್ಲಿಸಿ, "ಎಬ್ಸಿ ಅತ್ತೆ ಅಂದಿದ್ರೆ ಆಯ್ತಿತ್ತು. ಒಂದ್ ಮಾತು. ನನ್ ಬಾಯಿಗೆ ಏನಾಗಿತ್ತು," ಅನ್ನುತ್ತಿದ್ದಳು. ತಿಥಿಗೆ ಬಂದ ನೆಂಟರ ಮುಂದೆಲ್ಲ ಅದನ್ನೇ ಹೇಳಿ ಎದೆ ಬಡಿದುಕೊಂಡಳು. ತಾಯಾದವಳಿಗೆ ಗೊತ್ತಾಗಬಾರದಾ ಎಂದು ಅವರಲ್ಲೊಬ್ಬಳು ಗೊಣಗಿದ್ದೂ ಅವಳ ಕಿವಿಗೆ ಬಿತ್ತು. ಲೋಕೇಶ ಪಕ್ಕದಲ್ಲೇ ಇದ್ದ. ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಹೇಳಲು ಬಾಯಿ ತೆರೆದರೆ "ಊಟ ಮಾಡು" ಎಂಬ ಮಾತು ಮಾತ್ರ ಬರುತ್ತಿತ್ತು. ಹೀಗೆ ನಲವತ್ತು ದಿನ ಕಳೆದವು. ಹೇಡಿತನಕ್ಕೂ ಒಂದು ರೂಢಿ ಬಿದ್ದುಬಿಡುತ್ತದೆ.

ಆ ಭಾನುವಾರ ಮಧ್ಯಾಹ್ನ ಖತೀಜಾ ಬಂದಳು. ಲೋಕೇಶನ ಗೂಡು ಕೊಂಡು ನೂಲು ತೆಗೆಯುವ ರಾಮನಗರದ ರೀಲರ್ ಮುನಾವರನ ಮಗಳು, ನವ್ಯಶ್ರೀಯ ಕ್ಲಾಸಿನವಳು. ಇಬ್ಬರೂ ಸೇರಿಯೇ ಆ ಅನಿಮೆಯ ಹುಚ್ಚು ಹಿಡಿಸಿಕೊಂಡಿದ್ದು. ನವ್ಯಶ್ರೀ ಇಪ್ಪತ್ತೆರಡು ಕಂತು ನೋಡಿದ್ದಳು. ಕೊನೆಯ ಎರಡು ಅವಳು ಹೋದ ಮೇಲೆ ಬಂದವು. ಖತೀಜಾ ಒಬ್ಬಳೇ ನೋಡಲಾರದೆ ಹಾಗೇ ಇಟ್ಟುಕೊಂಡಿದ್ದಳು.

"ನೋಡಾನ," ಎಂದಳು ಲತಾಮಣಿ. "ಹೊನ್ನಮ್ಮ ಬದುಕ್ತಾಳಾ ಅವ್ವ ಅಂತ ಕೇಳ್ತಾನೇ ಇದ್ಲು ಮಗ. ನೋಡ್ಕಂಡು ಹೋಗಿ ಅವಳ್ಗೆ ಹೇಳ್ಬತ್ತೀನಿ."

ಹುಳ ಬೆಳಿಗ್ಗೆಯೇ ಜ್ವರಕ್ಕೆ ಕೂತಿದ್ದರಿಂದ ಕೆಲಸವೂ ಇರಲಿಲ್ಲ. ಲತಾಮಣಿ ಅದರಲ್ಲೇ ನೋಡಲೆಂದು, ಆರಿಸಿ ಟ್ರಂಕಿನಲ್ಲಿಟ್ಟಿದ್ದ ಮಗಳ ಮೊಬೈಲು ತೆಗೆದು ಆನ್ ಮಾಡಿದಳು. ಬೀಗದ ಗುರುತು ಗೊತ್ತಿಲ್ಲದೆ ಮನೆಯವರು ಯಾರೂ ಅದನ್ನು ಇಷ್ಟು ದಿನ ತೆರೆದಿರಲಿಲ್ಲ. ಖತೀಜಾ ಬೆರಳಿನಿಂದ ಒಂದು ಗೀರು ಎಳೆದಳು, ತೆರೆದುಕೊಂಡಿತು. "ಅಂಕಲ್, ಚಾರ್ಜಿಗೆ ಹಾಕಿ," ಎಂದು ಅದನ್ನು ಲೋಕೇಶನ ಕೈಗೆ ಕೊಟ್ಟು ಕೈ ತೊಳೆಯಲು ಹೋದಳು.

ಲೋಕೇಶ ಗೋಡೆಯ ಕಡೆ ತಿರುಗಿ ನಿಂತು ಮೆಸೇಜುಗಳನ್ನು ತೆರೆದ. ಮೂರೂ ಮಾತು ಅಲ್ಲಿ ಹಾಗೇ ಇದ್ದವು. ಇಲ್ಲಿಯೂ ಅಳಿಸಿದರೆ ಮುಗಿಯಿತು, ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಒತ್ತಿಯೇ ಬಿಟ್ಟಿದ್ದ, ಅಳಿಸಲೇ ಎಂದು ಫೋನು ಕೇಳಿತು. ಆಗ "ಸರಿ ಕಮಾಂಡರ್" ಎಂಬುದು ಕಣ್ಣಿಗೆ ಬಿತ್ತು. ಅದು ಅವಳು ತನಗೆ ಬರೆದ ಕೊನೆಯ ಮಾತು. ಅವನಿಂದ ಆಗಲಿಲ್ಲ. ಬೇಡ ಎಂದು ಒತ್ತಿ, ಚಾರ್ಜಿಗೆ ಸಿಕ್ಕಿಸಿ, ಬಂದು ಚಾಪೆಯ ಮೇಲೆ ಕೂತ.

ಖತೀಜಾ ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ಓದಿ ಓದಿ ಕನ್ನಡದಲ್ಲಿ ಹೇಳಿದಳು. ಹುಳಗಳೆಲ್ಲ ಕೊನೆಯ ಸಲ ಪೊರೆ ಬಿಡಲು ಕೂತಿವೆ. ಕೋಟೆಯ ಬಾಗಿಲು ತೆರೆದು ಇದ್ದಬದ್ದ ಜನ ಹೊರಗೆ ಬರುತ್ತಾರೆ. ತುಂಬ ಜನ ಸಾಯುತ್ತಾರೆ. ಹೊನಾಮಿ ಹುಳದ ಬೆನ್ನಿನಿಂದ ಬಿದ್ದು ಹೊಗೆಯಲ್ಲಿ ಕಾಣೆಯಾದಾಗ ಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೊಗೆ ಕರಗಿ ಆ ಹುಡುಗಿ ಕುಂಟುತ್ತಾ ಎದ್ದು ಬಂದಳು. ಕೋಟೆಯ ಹೊರಗಿನ ನೆಲದಲ್ಲಿ ಯಾರೋ ರಾಗಿಯಂಥದ್ದೇನೋ ಬಿತ್ತುತ್ತಿದ್ದರು. ಅಷ್ಟಕ್ಕೆ ಮುಗಿಯಿತು.

"ಬದುಕವ್ಳಾ?" ಎಂದಳು ಬೋರಮ್ಮ.

"ಬದುಕಿದ್ದಾಳೆ ಅಜ್ಜಿ."

"ಅವಳಾದ್ರೂ ಬದುಕುದ್ಲಲ್ಲ," ಎಂದಳು ಲತಾಮಣಿ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಸಮಾಧಾನ ಕಂಡಿತು. ಲೋಕೇಶನಿಗೆ ಅದನ್ನು ನೋಡುವುದೇ ಕಷ್ಟವಾಯಿತು.

ನಾಲ್ಕು ಗಂಟೆಯ ಬಸ್ಸಿಗೆ ಖತೀಜಾಳನ್ನು ಹತ್ತಿಸಲು ಬೋರಮ್ಮ ಹೊರಟಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಲತಾಮಣಿ ಮೊಬೈಲಿನ ಗಾಜನ್ನು ಸೆರಗಿನಲ್ಲಿ ಒರೆಸುತ್ತಾ ಕೂತಿದ್ದಳು.

"ಅವತ್ತು ಸಂಜೆ ಎಬ್ಸಿ ಅಂದಿದ್ರೆ ಅವಳೂ ಇದನ್ನ ನೋಡ್ತಿದ್ಲು," ಎಂದಳು. "ನಾನೇ ಕೊಂದ್ಬುಟ್ಟೆ ಕಣ್ರೀ."

"ನೀನಲ್ಲ," ಎಂದ ಲೋಕೇಶ.

"ಸುಮ್ನಿರಿ. ಸಮಾಧಾನಕ್ಕೆ ಹೇಳ್ಬೇಡಿ."

"ಸಮಾಧಾನಕ್ಕಲ್ಲ ಲತಾ. ಅವತ್ತು ಬೆಳಗ್ಗೆನೇ ಮಗ ನಂಗೆ ಮೆಸೇಜ್ ಮಾಡಿದ್ಲು. ಜ್ವರ ಬಂತು ಅಂತ. ನಾನು ಹುಳಕ್ಕೆ ಅನ್ಕಂಡೆ. ಎರಡು ದಿನ ಅಲ್ಲಾಡ್ಬೇಡಿ ಅಂತ ಬರ್ದೆ. ಅದ್ರಲ್ಲೇ ಐತೆ, ನೋಡು."

ಲತಾಮಣಿ ನೋಡಿದಳು. ಇಂಗ್ಲಿಷ್ ಅಕ್ಷರ ಅವಳಿಗೆ ಸಲೀಸಲ್ಲ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸುತ್ತಾ, ಮಗಳ ಮಾತು ಓದಿದಳು, ಗಂಡನ ಮಾತು ಓದಿದಳು, ಮತ್ತೆ ಮಗಳ ಮಾತು ಓದಿದಳು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಲೋಕೇಶ ಕಾದು ಕೂತಿದ್ದ. ಬೈಯಲಿ, ಹೊಡೆಯಲಿ ಅಂದುಕೊಂಡಿದ್ದ.

"ಹುಳ ಅನ್ಕಂಡಿದ್ದು ತಪ್ಪಲ್ಲ," ಎಂದಳು ಕೊನೆಗೆ. ದನಿ ಏರಲಿಲ್ಲ. "ನಾನಾಗಿದ್ರೂ ಹಂಗೇ ಅನ್ಕಂತಿದ್ದೆ. ನಲವತ್ತು ದಿನ ನಾನು ಎದೆ ಬಡ್ಕೊಂಡಾಗ ಪಕ್ಕದಲ್ಲೇ ಕೂತಿದ್ಯಲ್ಲ ನೀನು."

ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವಳು ಗಂಡನನ್ನು ನೀನು ಅಂದದ್ದು ಅದೇ ಮೊದಲು.

"ಊರೆಲ್ಲಾ ನನ್ನ ಆಡ್ಕಂಡಾಗ್ಲೂ ಕೂತಿದ್ದೆ ನೀನು. ಉಣ್ಣು ಅಂತ ತಟ್ಟೆ ಇಕ್ಕಿದೆ."

ಲತಾಮಣಿ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲ ಬಾಗಿಲು ದಾಟಿದಳು. ಅವನು ಎದ್ದು ಹಿಂದೆ ಹೊರಟ.

"ನೀನು ಬರ್ಬೇಡ."

"ಲತಾ, ನಾನೂ ಅವಳ್ಗೆ ಒಂದ್ ಮಾತು..."

"ಬರ್ಬೇಡ ಅಂದೆ."

ಹಿಪ್ಪುನೇರಳೆ ಸಾಲಿನ ಈಚೆಗೇ ಅವನು ನಿಂತುಬಿಟ್ಟ. ಆಚೆ ತುದಿಯಲ್ಲಿ, ಹೊಸ ಮಣ್ಣಿನ ಪಕ್ಕ ಲತಾಮಣಿ ಕಾಲು ಮಡಚಿ ಕೂತಳು. ಕಥೆ ಹೇಳಲು ಶುರುಮಾಡಿದಳು. ಎರಡೂ ಕೈ ಅಗಲಿಸಿ ಹುಳ ಎಷ್ಟು ದೊಡ್ಡದು ಎಂದು ತೋರಿಸಿದಳು, ಬಾಗಿಲು ತೆರೆದದ್ದನ್ನು ತೋರಿಸಿದಳು. ಹೊನ್ನಮ್ಮ ಬಿದ್ದದ್ದನ್ನೂ ಎದ್ದದ್ದನ್ನೂ ಅವಳ ಕೈಯಿಂದಲೇ ಲೋಕೇಶ ತಿಳಿದುಕೊಂಡ. ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಲತಾಮಣಿ ಏಳಲಿಲ್ಲ. ಕೈಗಳನ್ನು ಮಡಿಲಿಗೆ ಹಾಕಿಕೊಂಡು, ತಲೆ ಬಗ್ಗಿಸಿ, ಇನ್ನೂ ಏನೋ ಹೇಳುತ್ತಲೇ ಇದ್ದಳು. ಅದು ತನ್ನ ಮೆಸೇಜಿನ ವಿಷಯವೇ ಎಂದು ಲೋಕೇಶನಿಗೆ ಗೊತ್ತಾಯಿತು. ಮಗಳಿಗೆ ತಾನೇ ಹೇಳಬೇಕಾಗಿದ್ದ ಮಾತನ್ನು ಅವಳ ತಾಯಿ ಹೇಳಿ ಮುಗಿಸುವ ತನಕ ಅವನು ಸೊಪ್ಪಿನ ಸಾಲಿನ ಈಚೆಗೇ ನಿಂತಿದ್ದ.