ನಿಂತ ನೀರಿನ ಮೀನು

ಸಪೆಲೆ ಪಟ್ಟಣದ ತನ್ನ ಜಡೆ ಹೆಣೆಯುವ ಅಂಗಡಿಯಲ್ಲಿ ಎದಿರಿನ್, ಗಿರಾಕಿ ಮಾಮಾ ಕೆವ್ವೆಯ, ಅಂದರೆ ಕೆವ್ವೆಯ ಅಮ್ಮನ, ತಲೆಗೆ ಹದಿನೇಳನೆಯ ಸಣ್ಣಜಡೆ ಹೆಣೆಯುತ್ತಿದ್ದಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ರೇಡಿಯೊ ನಿಂತಿತು, ಮೂಲೆಯ ಮೀನಿನ ಗಾಜಿನ ತೊಟ್ಟಿಯಲ್ಲಿ ಭೋರೆನ್ನುತ್ತಿದ್ದ ಫಿಲ್ಟರೂ ನಿಂತಿತು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ ಎದಿರಿನ್‌ಳ ಗಂಡ ಎಬಿಯೊವೆ ಓಡಿ ಬಂದು ಜನರೇಟರಿನ ಹಗ್ಗ ಎಳೆದ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಪೆಟ್ರೋಲ್ ಖಾಲಿ ಕಣೇ! ಈಗ ತರ್ತೀನಿ. ಅಲ್ಲಿತಂಕ ಮೀನಿಗೆ ಧೈರ್ಯ ಹೇಳು!"

"ನೋಡಿದ್ಯಾ, ಮೀನಿಗೆ ಧೈರ್ಯ ಹೇಳ್ಬೇಕಂತೆ," ಎಂದಳು ಮಾಮಾ ಕೆವ್ವೆ. "ಇಲ್ಲಿ ನಾನು ಬೆಂದು ಹೋಗ್ತಿದೀನಿ, ನಂಗ್ಯಾರೂ ಹೇಳೋರಿಲ್ಲ."

ಎದಿರಿನ್‌ಗೆ ನಗು ಬರಲಿಲ್ಲ. ಅಂಗಡಿ ತೆರೆದಾಗ ಅವಳ ಅವ್ವ, ಎಪ್ಪತ್ತರ ಮುದುಕಿ, ಊರ ಹಿಂದಿನ ಜೌಗಿನಲ್ಲಿ ಸೊಂಟದವರೆಗೆ ನಿಂತು, ಬುಟ್ಟಿಯಲ್ಲಿ ಐದು ಚಿಟ್ಟೆಮೀನು ಹಿಡಿದು ಕಳಿಸಿದ್ದಳು. ಮೂರು ಸತ್ತವು. ಉಳಿದೆರಡು ಒಂಬತ್ತು ದಿನದಿಂದ ಏನೂ ತಿನ್ನದೆ, ರೆಕ್ಕೆ ಮಡಚಿಕೊಂಡು ಮೂಲೆಗೆ ಒತ್ತರಿಸಿಕೊಂಡಿದ್ದವು. ಇನ್ನು ಮೂರು ವಾರಕ್ಕೆ ಅವ್ವ ಸಪೆಲೆಗೆ ಬರುವವಳಿದ್ದಳು. ಬಂದವಳು ಮೊದಲು ಮೀನನ್ನು ನೋಡುತ್ತಾಳೆ, ಮಗಳ ಮುಖ ನೋಡುವುದು ಆಮೇಲೆ.

ಎಬಿಯೊವೆಯನ್ನು ದೂರುವಂತೆಯೂ ಇರಲಿಲ್ಲ. ಕಡಲಿನ ಉಬ್ಬರವಿಳಿತಕ್ಕೆ ದಿನಕ್ಕೆರಡು ಸಲ ಏರಿಳಿಯುವ ಹೊಳೆಯ ದಂಡೆಯಲ್ಲಿ ಹುಟ್ಟಿದ ಇಜಾ ಜನರವನು. ನಿಂತ ನೀರೆಂದರೆ ಅವನ ಪಾಲಿಗೆ ಸತ್ತ ನೀರು. ಹೆಂಡತಿಯ ಮೀನಿಗೆಂದು ಮಾರುಕಟ್ಟೆಯಲ್ಲಿದ್ದ ದೊಡ್ಡ ಫಿಲ್ಟರನ್ನೇ ಹೊತ್ತು ತಂದಿದ್ದ. ಒಂದೊಂದು ಮೀನು ಸತ್ತಾಗಲೂ ಪಾಪ, ಫಿಲ್ಟರಿನ ತಿರುಪನ್ನು ಇನ್ನಷ್ಟು ಜೋರಿಗೆ ತಿರುಗಿಸಿದ್ದ.

"ಅಯ್ಯೋ, ಅದೇನದು ತೇಲ್ತಿರೋದು?" ಎಂದಳು ಮಾಮಾ ಕೆವ್ವೆ.

ಎದಿರಿನ್ ತಿರುಗಿ ನೋಡಿದಳು. ಎರಡು ಮೀನೂ ತೊಟ್ಟಿಯ ನಡುವೆ ಬಂದು, ನೀರಿನ ಮೇಲೆ ಅಗಲಕ್ಕೆ ರೆಕ್ಕೆ ಬಿಚ್ಚಿ ನಿಂತಿದ್ದವು. ಅವಳು ಬಾಚಣಿಗೆ ಕೆಳಗಿಟ್ಟು, ಗೋಡೆಯ ಮೇಲೆ ಹರಿಯುತ್ತಿದ್ದ ಇರುವೆಯೊಂದನ್ನು ಹಿಡಿದು ಮೆಲ್ಲಗೆ ನೀರಿಗೆ ಬಿಟ್ಟಳು. ಗಬಕ್!

"ತಿಂತು! ಮಾಮಾ, ತಿಂತು!"

ಅಷ್ಟರಲ್ಲಿ ಬೀದಿಗೆ ಬೀದಿಯೇ ಹೋ ಎಂದು ಕೂಗಿತು, ಕರೆಂಟ್ ಬಂದಿತ್ತು. ಮಕ್ಕಳು ಮುದುಕರೆನ್ನದೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇಲ್ಲಿ ಫಿಲ್ಟರ್ ಭೋರ್ಗರೆದು ಎರಡು ಮೀನನ್ನೂ ಮತ್ತೆ ಮೂಲೆಗೆ ಎಸೆಯಿತು. ಎದಿರಿನ್ ಓಡಿ ಪ್ಲಗ್ ಕಿತ್ತಳು.

ಪೆಟ್ರೋಲ್ ಡಬ್ಬಿ ಹಿಡಿದು ಬಂದ ಎಬಿಯೊವೆ ಬಾಗಿಲಲ್ಲೇ ನಿಂತ. "ಯಾಕೆ ಆರಿಸ್ದೆ?"

"ಇವು ನಿಮ್ಮ ಹೊಳೆಯವಲ್ಲ ಕಣೋ ಮಾರಾಯ, ನಮ್ಮ ಜೌಗಿನವು. ಎಲೆ ಕೆಳಗೆ ನಿಂತ ನೀರಲ್ಲಿ ಇರೋವು. ನಿನ್ನ ಪ್ರವಾಹದಲ್ಲಿ ಈಜೀ ಈಜೀ ಸತ್ತಿವೆ."

ಅವನ ಮುಖ ಇಳಿಯಿತು. ಡಬ್ಬಿಯನ್ನು ಕೆಳಗಿಟ್ಟ. "ನಾನೇ ಕೊಂದೆ ಅನ್ನು. ಆದ್ರೂ ಪೂರ್ತಿ ನಿಲ್ಸಿದ್ರೆ ನೀರು ಗಬ್ಬೆದ್ದು ಹೋಗುತ್ತಲ್ಲೇ." ಆ ಮಾತೂ ನಿಜವೇ ಆಗಿತ್ತು.

"ಗಂಡ ಹೆಂಡ್ತಿ ಜಗಳ ಆಮೇಲೆ ಆಡ್ಕೊಳಿ. ಅರ್ಧ ತಲೆ ಇಟ್ಕೊಂಡು ನಾನು ಮನೆಗೆ ಹೋಗ್ಲಾ?" ಎನ್ನುತ್ತಾ ಮಾಮಾ ಕೆವ್ವೆ ಕೂದಲು ಗುಂಗುರು ಮಾಡುವ ಸ್ಪಂಜಿನ ಸುರುಳಿಗಳಿದ್ದ ಬುಟ್ಟಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. "ಇದ್ರ ಮಧ್ಯೆ ತೂತಿದೆ. ನೀರು ಉಗುಳೋ ಆ ಕೊಳವೆ ಬಾಯಿಗೆ ತುರುಕಿ, ಅದ್ರ ಅಬ್ಬರ ಇಳಿಯುತ್ತೆ."

ಗುಲಾಬಿ ಬಣ್ಣದ ಹೊಸ ಸುರುಳಿಯೊಂದನ್ನು ಚೆನ್ನಾಗಿ ತೊಳೆದು ಎದಿರಿನ್ ಕೊಳವೆಗೆ ಸಿಕ್ಕಿಸಿದಳು. ನೀರು ಹೀರುವ ಬಾಯಿಗೆ ವಿಗ್ಗಿನ ಜಾಳಿಗೆ ಟೋಪಿ ಹಾಕಿದಳು. ಎಬಿಯೊವೆ ತಿರುಪನ್ನು ಕೊನೆಯವರೆಗೂ ಇಳಿಸಿ, ಕೊಳವೆಯನ್ನು ಗಾಜಿನ ಕಡೆ ತಿರುಗಿಸಿದ. ನೀರು ಈಗ ಗಾಜನ್ನು ಸವರಿಕೊಂಡು ಸದ್ದಿಲ್ಲದೆ ಇಳಿಯತೊಡಗಿತು. ಮೀನುಗಳು ಹೊರಬಂದವು. ಆ ದಿನ ಸಪೆಲೆಯಲ್ಲಿ ಎದಿರಿನ್‌ಳಷ್ಟು ಸುಖಿ ಇನ್ನೊಬ್ಬಳಿರಲಿಲ್ಲ. ಮಾಮಾ ಕೆವ್ವೆಗೆ ನಾಲ್ಕು ಜಡೆ ಹೆಚ್ಚಿಗೇ ಹಾಕಿದಳು.

ಹೇಳಿದ ದಿನಕ್ಕೆ ಅವ್ವ ಬಂದಳು. ಚೀಲವನ್ನೂ ಇಳಿಸದೆ ನೇರ ತೊಟ್ಟಿಯ ಮುಂದೆ ಹೋಗಿ ಬಗ್ಗಿದಳು.

"ಐದು ಕೊಟ್ಟಿದ್ನಲ್ಲೇ."

"ಮೂರು ಹೋದ್ವು ಅವ್ವ. ನಮಗೆ ಗೊತ್ತಾಗ್ಲಿಲ್ಲ." ಎದಿರಿನ್‌ ಏನಾದರೂ ಮಾಡುತ್ತಿರಬೇಕೆಂದು ಬಲೆ ತೆಗೆದುಕೊಂಡು, ನೀರಿನ ಮೇಲೆ ತೇಲುತ್ತಿದ್ದ ಕರಿ ಚುಕ್ಕೆಗಳ ಕಸವನ್ನು ಎತ್ತಲು ಹೋದಳು.

ಅವ್ವ ಅವಳ ಮಣಿಕಟ್ಟು ಹಿಡಿದಳು. "ಏ ಹುಚ್ಚಿ! ಕಸ ಅಲ್ವೇ, ಮೊಟ್ಟೆ!"

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಎದ್ದು ಬಂದರು. ಒಬ್ಬಳ ತಲೆಯಿಂದ ಸೋಪಿನ ನೊರೆ ಇಳಿಯುತ್ತಿತ್ತು. ಅವ್ವ ಚಮಚ ಕೇಳಿ ಪಡೆದು, ಮೀನುಗಳೇ ತಿಂದುಬಿಡದಂತೆ ಒಂದೊಂದೇ ಮೊಟ್ಟೆಯನ್ನು ತೊಟ್ಟಿಯ ನೀರು ತುಂಬಿದ ಬೋಗುಣಿಗೆ ಬಿಡುತ್ತಾ, "ಇಪ್ಪತ್ತು... ನಲವತ್ತು..." ಎಂದು ಹಾಡಿದಂತೆ ಎಣಿಸಿದಳು. ಎಣಿಕೆ ನೂರು ದಾಟಿದಾಗ ಎದಿರಿನ್ ನಗುತ್ತಲೇ ಅತ್ತುಬಿಟ್ಟಳು.

ಎಬಿಯೊವೆ ಬೋಗುಣಿಯೊಳಕ್ಕೆ ಬಗ್ಗಿ ನೋಡಿದ. ಉಸಿರು ತಾಗೀತೆಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಆಮೇಲೆ ಶೆಡ್ಡಿಗೆ ಹೋಗಿ, ಅಂದು ಚಾಲೂ ಮಾಡಿ ನೋಡಬೇಕಿದ್ದ ಎಂಜಿನ್ನನ್ನು ಹೆಗಲಿಗೇರಿಸಿಕೊಂಡು, ಅದರ ನಡುಕ ಬೋಗುಣಿಗೆ ತಾಗದಷ್ಟು ದೂರ, ಉರಿಬಿಸಿಲಲ್ಲಿ ಬೀದಿಯ ಆ ತುದಿಗೆ ನಡೆದುಕೊಂಡು ಹೋದ.