ಚೊಗರು ಕುಡಿದ ನಾಯಿ

ದೇವಪ್ಪ ಸುಮ್ಮನೆ ಕೂರುವ ಗಂಡಸೇ ಅಲ್ಲ. ತದಡಿ ಬಂದರಿನ ಹತ್ತಿಯ ಮೀನುಬಲೆಗಳಿಗೆಲ್ಲ ಮತ್ತಿ ಮರದ ತೊಗಟೆಯ ಚೊಗರೆಂಬ ಕಷಾಯ ಕುದಿಸಿ ಕುಡಿಸಿ, ಕೊಳೆಯದಂತೆ ಕಾದವನು. ಎಪ್ಪತ್ತರ ದಶಕದಲ್ಲಿ ನೈಲಾನ್ ಬಲೆ ಬಂದದ್ದೇ ಬಂದದ್ದು, ಅವನ ದೊಡ್ಡ ಹಂಡೆಯಲ್ಲಿ ಕೋಳಿ ಕಾವಿಗೆ ಕೂತಿತು. ಅಂದಿನಿಂದ ಅವನು ಮನೆಗೂ ದೋಣಿ ನಿಲ್ಲುವ ದಕ್ಕೆಗೂ ತಿರುಗಿದ್ದೇ ತಿರುಗಿದ್ದು.

ಅಂಥವನ ಅಟ್ಟಕ್ಕೆ ಬಂತು ಫ್ರಾನ್ಸಿನ ರಾಜರ ಗೋಡೆಗೆ ತೂಗುತ್ತಿದ್ದ ಚಿತ್ರಪಟ. ಗೋಡೆಯಗಲ, ಉಣ್ಣೆ ರೇಷ್ಮೆಯಲ್ಲಿ ನೇಯ್ದದ್ದು, ಅಂಚಿನಲ್ಲಿ ರಾಜನ ಹೂವಿನ ಗುರುತು. ಕುಮಟಾದ ಕಮಲಾಕರ ಒಡೆಯರ ಅಜ್ಜ ಯಾವುದೋ ಅರಮನೆಯ ಹರಾಜಿನಲ್ಲಿ ಹಿಡಿದದ್ದಂತೆ. ತಮ್ಮ ಮನೆಯ ಹೆಂಚು ಹೊದಿಸಿ ಮುಗಿಯುವವರೆಗೆ ಒಣ ಜಾಗ ಬೇಕೆಂದು ಒಡೆಯರು ಇಲ್ಲಿಗೆ ತಂದರು.

"ಶುಕ್ರವಾರ ಬೊಂಬಾಯಿ ಮ್ಯೂಜಿಯಂನವ್ರು ನೋಡೂಕೆ ಬರ್ತ್ರು. ಕೊಟ್ಟ ಹಾಂಗೇ ವಾಪಸ್ ಬೇಕು, ದೇವಪ್ಪ. ನಿನ್ನ ನಂಬಿ ಬಿಟ್ಟು ಹೋಗ್ತೆ."

ಚಿತ್ರದ ಕಥೆಯನ್ನೂ ಅವರೇ ಹೇಳಿದರು: ಕಾಡಿನ ಕೊಳದಲ್ಲಿ ಮೀಯುತ್ತಿದ್ದ ದೇವತೆಯನ್ನು ಬೇಟೆಗಾರನೊಬ್ಬ ಕಂಡ, ಅವಳು ನೀರೆರಚಿ ಅವನನ್ನು ಜಿಂಕೆ ಮಾಡಿದಳು, ಅವನು ಸಾಕಿದ ನಾಯಿಗಳೇ ಅವನನ್ನು ಹರಿದು ತಿಂದವು.

ದೇವಪ್ಪನ ಹೆಂಡತಿ ಬಂಗಾರಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ಇಷ್ಟಕ್ಕೇ ಜಿಂಕೆಯಾ? ಹಂಗಾರೆ ಅಪ್ಸರೆಯರು ಮೀಯೂ ಅಪ್ಸರಕೊಂಡದ ಬದಿಗೆ ಹೋದ ಗಂಡಸ್ರಿಗೆಲ್ಲ ಕೋಡು ಬರ್ಬೇಕಿತ್ತು!"

ಮರುದಿನ ದೇವಪ್ಪ ಮಡಿಕೆ ಬಿಚ್ಚಿ ನೋಡಿದರೆ ಯಾವಾಗಿನಿಂದಲೋ ನುಸಿ ಹತ್ತಿತ್ತು. ದೇವತೆಯ ಮೊಣಕಾಲಲ್ಲಿ ತೂತು, ಜಿಂಕೆಯ ಕಿವಿ ಅರ್ಧ ಇಲ್ಲ. ಅವನಿಗೆ ಊಟ ಸೇರಲಿಲ್ಲ. ಅಟ್ಟ ಹತ್ತಿದ, ಇಳಿದ, ಮತ್ತೆ ಹತ್ತಿದ. ಕೊನೆಗೆ ಕೋಳಿ ಓಡಿಸಿ, ಹಂಡೆ ತೊಳೆದು ಚೊಗರು ಕುದಿಸಿದ.

"ಎಂತ ಮಾಡ್ತ್ರಿ? ಅದು ಬಲೆಯಲ್ಲ!" ಬಂಗಾರಿ ಕೂಗಿದಳು.

"ನೂಲಲ್ವನೆ? ನೂಲಂದ್ರೆ ನೂಲೇ. ಒಂದು ಮೂಲೆ ಅದ್ದಿ ನೋಡ್ತೆ."

ಕೆಳಮೂಲೆಯಲ್ಲಿ ಹಾರುತ್ತಿದ್ದ ಬಿಳಿ ನಾಯಿ ಚೊಗರಿಗೆ ಇಳಿಯಿತು. ಮೇಲೆ ಬಂದಾಗ ಕಾಚಿನ ಕೆಂಗಂದು ಬಣ್ಣ. ದೇವಪ್ಪ ತಿಕ್ಕಿದ, ತೊಳೆದ, ಹೋಗಲಿಲ್ಲ. ಹೋಗಬಾರದೆಂದೇ ಅಲ್ಲವೇ ಅವನು ಜೀವಮಾನವಿಡೀ ಚೊಗರು ಕುದಿಸಿದ್ದು!

"ಆ ಮೂಲೆ ಒಳಗೆ ಮಡ್ಚಿ ಕೊಟ್ಬಿಡಿ," ಎಂದಳು ಬಂಗಾರಿ. ಶುಕ್ರವಾರದ ತನಕ ಅವನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅಂಗಳದಲ್ಲಿ ಒಡೆಯರ ಕಾರು ನಿಂತಾಗ ಮಾತ್ರ ಆ ಮೂಲೆಯನ್ನೇ ಮೊದಲು ಹರಡಿದ.

"ಒಡೆಯಾ, ನಾಯಿ ಒಂದು ಕೆಟ್ಟುಹೋತು. ನಾನೇ ಮಾಡಿದ್ದು."

ಒಡೆಯರ ಮುಖ ನಾಯಿಗಿಂತ ಕೆಂಪಾಯಿತು. "ಅಜ್ಜನ ಕಾಲದಿಂದ ಕಾದದ್ದೋ! ನಿಂಗೆ ತಲೆ ಸಮ ಇದ್ಯನಾ?" ಪಟ ಸುತ್ತಿಸಿ ಕಾರಿಗೆ ಹಾಕಿಸಿದರು.

"ಆತು, ಹೋತು. ಇನ್ನಾದ್ರೂ ಕೂತ್ಕಳಿ," ಎಂದಳು ಬಂಗಾರಿ.

ಅವನು ಕೂರಲಿಲ್ಲ. ಹಂಡೆಯ ತುಂಬ ಚೊಗರು ಹಾಗೇ ಇತ್ತು. ಅದನ್ನೊಮ್ಮೆ ನೋಡಿದವನೇ ಕಾರಿನ ಹಿಂದೆ ಓಡಿದ.

"ಒಡೆಯಾ! ಆ ನಾಯಿನ ನುಸಿ ಮುಟ್ಟೂದಿಲ್ಲ! ಉಳಿದವ್ರ ಗತಿ ಎಂತ?"